ಗುಡ್ಡದ ಹಿಂದೆ ಯಾರೂ ಇಲ್ಲ

ಮೊನ್ನೆ ನನ್ನ ಜಾಗಕ್ಕೆ ಹೊಸದಾಗಿ ಬಂದಿರುವ ತರಬೇತುದಾರರು ಫೋನ್ ಮಾಡಿದ್ದರು. "ಸಾರ್, ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂರೂ ತಾಲ್ಲೂಕಲ್ಲಿ ಸಿವಿಲಿಯನ್ಸ್‌ಗೆ ಫೈರಿಂಗ್ ಮಾಡ್ಸೋಕೆ ನೀವು ನೋಡಿಟ್ಟಿರೋ ಜಾಗದ ಲಿಸ್ಟ್ ಇದ್ರೆ ವಾಟ್ಸಾಪ್ ಮಾಡಿ" ಎಂದರು. ನನಗೆ ನಗು ಬಂತು. ಅಂಥದ್ದೊಂದು ಪಟ್ಟಿ ಇದ್ದಿದ್ದರೆ ನನ್ನ ಮಂಡಿಚಿಪ್ಪು ಇಷ್ಟು ಬೇಗ ಸವೆಯುತ್ತಿರಲಿಲ್ಲ. ಪಟ್ಟಿ ಇಲ್ಲ, ಕಥೆ ಇದೆ, ಬರೆದು ಕಳಿಸುತ್ತೇನೆ ಎಂದೆ. ಅವರಿಗೆ ಬೇಸರವಾಯಿತೆಂದು ಕಾಣುತ್ತದೆ, ಆಯ್ತು ಸಾರ್ ಎಂದು ಫೋನಿಟ್ಟರು. ಆದರೂ ಬರೆಯುತ್ತಿದ್ದೇನೆ.

ನಾನು ಪೊಲೀಸ್ ಇಲಾಖೆಯ ಸಶಸ್ತ್ರ ಪಡೆಯಲ್ಲಿದ್ದವನು. ಸರ್ವಿಸಿನ ಕೊನೆಯ ಹದಿನೈದು ವರ್ಷ ನನ್ನ ಮುಖ್ಯ ಕೆಲಸ ಕೋವಿ ಲೈಸೆನ್ಸ್ ಕೇಳಿದ ಸಾರ್ವಜನಿಕರಿಗೆ ಬಂದೂಕು ತರಬೇತಿ ಕೊಡುವುದು. ನಮ್ಮ ಕಡೆ ಕೋವಿ ಎಂದರೆ ಪಟ್ಟಣದವರು ತಿಳಿದ ಹಾಗೆ ಶೋಕಿಯಲ್ಲ. ಬಾಳೆಗೆ ಮಂಗ, ಗದ್ದೆಗೆ ಹಂದಿ. ಹೆದರಿಸಲಿಕ್ಕಾದರೂ ಒಂದು ಈಡು ಬೇಕು. ಅಜ್ಜನ ಹೆಸರಲ್ಲಿದ್ದ, ಮದ್ದು ತುಂಬಿ ಹೊಡೆಯುವ ಕೇಪಿನ ಕೋವಿ ಮೊಮ್ಮಗನ ಹೆಸರಿಗಾಗಬೇಕು, ಗಂಡ ತೀರಿಹೋದವರ ಕೋವಿ ಹೆಂಡತಿಯ ಹೆಸರಿಗಾಗಬೇಕು. ಇವರ ಜೊತೆಗೆ ಈಚೀಚೆಗೆ ಅಂಗಡಿಯಿಂದ ಮಿರಮಿರ ಮಿಂಚುವ ರೈಫಲ್ ತಂದು, ಅದನ್ನು ಎಲ್ಲಿ ಹೊಡೆಯಬೇಕೆಂದು ತಿಳಿಯದೆ ಬೀರುವಿನಲ್ಲಿಟ್ಟುಕೊಂಡವರು ಬೇರೆ. ಇವರೆಲ್ಲ ನಮ್ಮಲ್ಲಿಗೆ ಬರಬೇಕು, ಕೋವಿ ಹಿಡಿಯುವುದು, ಬಿಚ್ಚುವುದು, ಒರೆಸುವುದು ಕಲಿಯಬೇಕು, ಕೊನೆಯ ದಿನ ಗುರಿ ಹಲಗೆಗೆ ಐದು ಗುಂಡು ಹೊಡೆದು ಸರ್ಟಿಫಿಕೇಟ್ ತೆಗೆದುಕೊಳ್ಳಬೇಕು.

ಹೊಡೆಯುವುದನ್ನು ಹೇಳಿಕೊಡಲು ಅರ್ಧ ದಿನ ಸಾಕು. ಹೊಡೆಯಲು ಜಾಗ ಹುಡುಕಲು ನನಗೆ ಹದಿನೈದು ವರ್ಷ ಸಾಲಲಿಲ್ಲ.

ಮೊದಮೊದಲು ಎಲ್ಲರನ್ನೂ ವ್ಯಾನಿಗೆ ತುಂಬಿಕೊಂಡು ಜಿಲ್ಲಾ ಕೇಂದ್ರದ ರೇಂಜಿಗೆ ಹೋಗುತ್ತಿದ್ದೆವು. ಬಾಳೆಹೊನ್ನೂರು ದಾಟಿ ತಿರುವುಗಳು ಶುರುವಾದರೆ ಒಬ್ಬೊಬ್ಬರೇ ಕಿಟಕಿಯಿಂದ ತಲೆ ಹೊರಗೆ ಹಾಕುತ್ತಿದ್ದರು. ಹೊಟ್ಟೆಯಲ್ಲಿದ್ದದ್ದನ್ನೆಲ್ಲ ದಾರಿಗೆ ಕೊಟ್ಟು ಬಂದವರ ಕೈಗೆ ರೈಫಲ್ ಕೊಟ್ಟರೆ ಗುರಿ ಎಲ್ಲಿಂದ ಬರಬೇಕು? ಎಪ್ಪತ್ತು ದಾಟಿದ ಒಬ್ಬರು ಮಲಗಿ ಗುರಿ ಹಿಡಿದವರು ಹಾಗೇ ನಿದ್ದೆ ಹೋಗಿದ್ದರು. ಬೆರಳು ಮಾತ್ರ ಟ್ರಿಗರಿನ ಮೇಲೆಯೇ ಇತ್ತು. ನಾನು ಉಸಿರು ಬಿಗಿಹಿಡಿದು ಆ ಬೆರಳನ್ನು ಮೆಲ್ಲಗೆ ಬಿಡಿಸಿದ್ದು ಇವತ್ತಿಗೂ ನೆನಪಿದೆ. ಅಂದು ಸಂಜೆಯೇ ನಮ್ಮ ಇನ್ಸ್‌ಪೆಕ್ಟರು ಮಂಜಪ್ಪ ಸಾಹೇಬರು ನನ್ನನ್ನು ಕರೆದರು. "ಅವರ ತಾಲ್ಲೂಕಲ್ಲೇ ಜಾಗ ಹುಡುಕು. ಕಾನೂನಿಗೂ ಸರಿ ಇರ್ಬೇಕು, ಜೀವಕ್ಕೂ ಸರಿ ಇರ್ಬೇಕು. ಎರಡರಲ್ಲಿ ಒಂದು ತಪ್ಪಿದ್ರೂ ನನ್ನ ಮುಂದೆ ತರ್ಬೇಡ."

ಮಂಜಪ್ಪ ಸಾಹೇಬರ ಬಗ್ಗೆ ಎರಡು ಮಾತು ಹೇಳಲೇಬೇಕು. ಬಾಯಿ ಬಿಟ್ಟರೆ ಬೈಗುಳ, ಆದರೆ ಊಟದ ಹೊತ್ತಿಗೆ ತಮ್ಮ ಬುತ್ತಿ ಬಿಚ್ಚಿ ನಮ್ಮ ಮುಂದೆ ಇಡುತ್ತಿದ್ದರು. ಅವರು ಜಾಗ ನೋಡುವ ರೀತಿಯೇ ಬೇರೆ. ನಾವೆಲ್ಲ ಗುಡ್ಡದ ಮುಂದೆ ನಿಂತು, ಎತ್ತರ ಎಷ್ಟು, ಮಣ್ಣು ಮೆತ್ತಗಿದೆಯೋ ಕಲ್ಲಿದೆಯೋ ಎಂದು ನೋಡುತ್ತಿದ್ದರೆ ಅವರು ಸುತ್ತು ಹಾಕಿ ಗುಡ್ಡದ ಹಿಂದಕ್ಕೆ ಹೋಗಿ ಮರದ ಬುಡದಲ್ಲಿ ಕೂರುತ್ತಿದ್ದರು. ಬೆಳಿಗ್ಗೆ ಕೂತರೆ ಮಧ್ಯಾಹ್ನದವರೆಗೆ. ಫ್ಲಾಸ್ಕಿನಲ್ಲಿ ಕಾಫಿ, ಜೇಬಿನಲ್ಲಿ ಎಲೆಯಡಿಕೆ. ಯಾರು ಬರುತ್ತಾರೆ, ಯಾವ ದನ ಇಳಿಯುತ್ತದೆ, ಯಾವ ಕಾಲುದಾರಿ ಹುಲ್ಲಿಲ್ಲದೆ ಸವೆದಿದೆ, ಅಷ್ಟೇ ನೋಡುವುದು. "ಗುಂಡು ಹೋದ್ಮೇಲೆ ವಾಪಸ್ ಕರಿಯೋ ಪವರ್ ಡಿ.ಜಿ. ಸಾಹೇಬ್ರಿಗೂ ಇಲ್ಲ ಕಣೋ" ಎನ್ನುತ್ತಿದ್ದರು. ನಾನು ಅವರ ಹಿಂದೆ ನಿಂತು ಸೊಳ್ಳೆ ಹೊಡೆಯುತ್ತ, ಈ ಮನುಷ್ಯನಿಗೆ ಬೇರೆ ಕೆಲಸವಿಲ್ಲ ಎಂದುಕೊಳ್ಳುತ್ತಿದ್ದೆ.

ಕಾನೂನಿಗೆ ಸರಿಯಾದ ಜಾಗ ಹುಡುಕುವುದು ಒಂದು ಪಾಡು. ಕಾಡಿನಲ್ಲಿ ಈಡು ಹೊಡೆಯುವಂತಿಲ್ಲ, ಅದು ಸರಿ. ಆದರೆ ನಮ್ಮ ಕಡೆ ಕಾಡು ಎಲ್ಲಿ ಮುಗಿಯುತ್ತದೆ ಎಂದು ಹೇಳುವವರು ಯಾರು? ಪಹಣಿಯಲ್ಲಿ ಗೋಮಾಳ, ಇನ್ನೊಂದು ನಕ್ಷೆಯಲ್ಲಿ ಅರಣ್ಯ, ಊರವರ ಬಾಯಲ್ಲಿ ಸೊಪ್ಪಿನ ಬೆಟ್ಟ. ನರಸಿಂಹರಾಜಪುರದ ಹತ್ತಿರ ಒಂದು ಚಂದದ ಜಾಗಕ್ಕೆ ಮೂರು ಕಚೇರಿಯಿಂದ ಒಪ್ಪಿಗೆ ತಂದೆ. ನಾಲ್ಕನೆಯ ಕಚೇರಿಯ ಗುಮಾಸ್ತರು ಕಡತವನ್ನು ಹಿಂದೆ ಮುಂದೆ ತಿರುಗಿಸಿ, "ಇದು ಒಂದು ಕಾಲದ ಸ್ಮಶಾನ ಕಣ್ರೀ" ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಬೈದುಕೊಂಡು ಬಂದೆ. ಆಮೇಲೆ ಹೋಗಿ ನೋಡಿದರೆ ಪೊದೆಯೊಳಗೆ ನಿಜವಾಗಿಯೂ ಸಮಾಧಿ ಕಲ್ಲುಗಳಿದ್ದವು. ಗುಮಾಸ್ತರ ಮನೆಯ ಹಿರಿಯರನ್ನು ಅಲ್ಲೇ ಮಣ್ಣು ಮಾಡಿದ್ದರಂತೆ. ಮುಂದಿನ ಸಲ ಸಿಕ್ಕಾಗ ಅವರಿಗೆ ಕಾಫಿ ಕುಡಿಸಿ ಕ್ಷಮೆ ಕೇಳಿದೆ.

ಸ್ವಂತ ಜಮೀನಿನವರ ವಾದ ಇನ್ನೊಂದು. ಶೃಂಗೇರಿ ಕಡೆಯ ಒಬ್ಬ ಮೇಷ್ಟ್ರು, ನಿವೃತ್ತರಾದ ಮೇಲೆ ಹೊಸ ರೈಫಲ್ ಕೊಂಡವರು, ಮನೆಯ ಹಿತ್ತಲಲ್ಲೇ ತಗಡಿನ ಡಬ್ಬ ಕಟ್ಟಿ ಅಭ್ಯಾಸ ಶುರು ಮಾಡಿದ್ದರು. ಪಕ್ಕದ ಮನೆಯ ನೀರಿನ ಟ್ಯಾಂಕಿಗೆ ತೂತಾಗಿ ದೂರು ಬಂತು.

"ನನ್ನ ಜಮೀನಲ್ಲಿ ನಾನು ಹೊಡೆದ್ರೆ ಯಾರಿಗೆಂತ ತೊಂದ್ರೆ ಮಾರಾಯ್ರೆ?" ಎಂದು ಮೇಷ್ಟ್ರು ನನ್ನನ್ನೇ ಕೇಳಿದರು.

"ಜಮೀನು ನಿಮ್ದೇ ಸಾರ್. ಗುಂಡು ಬೇಲಿ ನೋಡಿ ನಿಲ್ಲುತ್ತಾ?"

ಮೇಷ್ಟ್ರು, "ನಲವತ್ತು ವರ್ಷ ಪಾಠ ಮಾಡಿದೀನಿ, ಒಂದು ದಿನ ಹೀಗೆ ಪ್ರಶ್ನೆ ಕೇಳ್ಸಿಕೊಂಡಿರ್ಲಿಲ್ಲ" ಎಂದರು. ಆಮೇಲೆ ನನ್ನ ಶಿಬಿರಗಳಿಗೆಲ್ಲ ಅವರೇ ಬಂದು ಹಾಜರಿ ಕೂಗುತ್ತಿದ್ದರು. ಮೀಸೆ ಬಂದ ಗಂಡಸರೂ ಅವರ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರು.

ಅದೇ ತಾಲ್ಲೂಕಿನಲ್ಲಿ ಒಣಗಿದ ಕೆರೆಯಂಗಳವೊಂದು ಸಿಕ್ಕಿತ್ತು. ಎತ್ತರದ ಏರಿ, ಹಿಂದೆ ಬರೀ ಬಂಡೆ. ಎಲ್ಲ ಸಿದ್ಧವಾಗಿ ಕೆಂಪು ಬಾವುಟ ಏರಿಸಿದ ಮೇಲೆ ಒಂದು ಎಮ್ಮೆ ಬಂದು ಗುರಿ ಹಲಗೆಯ ಮುಂದೆ ಒಣಗದೆ ಉಳಿದಿದ್ದ ಅಷ್ಟಗಲ ಕೆಸರಿನಲ್ಲಿ ಮಲಗಿತು. ಕೋಲಿನಿಂದ ಹೊಡೆದರೂ ಏಳಲಿಲ್ಲ, ಬಾಲ ಹಿಡಿದು ಎಳೆದರೂ ಏಳಲಿಲ್ಲ. ಅದರ ಒಡೆಯ, ಒಬ್ಬ ಮುದುಕ, ನಿಧಾನಕ್ಕೆ ಬಂದು ನೋಡಿ, "ಅದು ಹೊತ್ತು ಇಳಿಯೋವರೆಗೆ ಏಳದಿಲ್ಲ ಸಾಹೇಬ್ರೆ. ಅದರ ಜಾಗಕ್ಕೆ ನೀವು ಬಂದಿದ್ದು" ಎಂದ. ಇಡೀ ಶಿಬಿರ ಎಮ್ಮೆ ಏಳುವುದನ್ನು ಕಾಯುತ್ತ ಮಂಡಕ್ಕಿ ತಿಂದಿತು. ಆಗೆಲ್ಲ ಅಷ್ಟು ಪುರಸೊತ್ತಿತ್ತು. ಯಾರೂ ಗಡಿಯಾರ ನೋಡುತ್ತಿರಲಿಲ್ಲ. ಆ ಪುರಸೊತ್ತೇ ನಮ್ಮನ್ನು ಎಷ್ಟೋ ಅಪಾಯದಿಂದ ಉಳಿಸಿತ್ತೆಂದು ನನಗೆ ಗೊತ್ತಾದದ್ದು ತಡವಾಗಿ.

ಈಗ ನಾನು ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಇಷ್ಟು ದಿನ ಇದನ್ನು ನಗೆಯ ಪ್ರಸಂಗವಾಗಿ ಹೇಳಿಕೊಂಡು ಬಂದಿದ್ದೇನೆ. ನಿಜವಾಗಿ ನಗುವಂಥದ್ದು ಅದರಲ್ಲಿ ಸ್ವಲ್ಪವೇ ಇದೆ.

ಮಂಜಪ್ಪ ಸಾಹೇಬರು ನಿವೃತ್ತರಾಗಿ ಕೆಲವು ವರ್ಷಗಳಾಗಿದ್ದವು. ಕೊಪ್ಪ ತಾಲ್ಲೂಕಿನಲ್ಲಿ, ನಾರ್ವೆ ಎಂಬ ಊರಿನಿಂದ ಒಳಗೆ ಹೋದರೆ ಸಿಗುವ ಒಂದು ಹಳ್ಳಿ. ಊರಿನ ಹೆಸರು ಬೇಡ, ಗುಡ್ಡೆಮನೆ ಎಂದಿಟ್ಟುಕೊಳ್ಳಿ. ಅಲ್ಲಿ ಜಂಬಿಟ್ಟಿಗೆ ಕಲ್ಲು ಕಡಿದು ಬಿಟ್ಟ ಹಳೆಯ ಹೊಂಡವೊಂದಿತ್ತು. ಮೂರು ಕಡೆ ಎರಡಾಳು ಎತ್ತರದ ಕೆಂಪು ಗೋಡೆ. ಎದುರಿನ ಗೋಡೆಯ ಹಿಂದೆ ಗುಡ್ಡ, ಅದರಾಚೆ ಕುರುಚಲು. ಖಾಸಗಿ ಜಾಗ, ಒಡೆಯರು ಬರೆದುಕೊಟ್ಟರು, ಕಚೇರಿಗಳೆಲ್ಲ ಒಪ್ಪಿದವು. ನಾಲ್ಕು ತಿಂಗಳ ಓಡಾಟ. ಆ ಒಪ್ಪಿಗೆ ಪತ್ರ ಕೈಗೆ ಬಂದ ದಿನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಇನ್ನು ವ್ಯಾನಿಲ್ಲ, ವಾಂತಿಯಿಲ್ಲ, ಮೂರು ತಾಲ್ಲೂಕಿಗೂ ಒಂದು ಖಾಯಂ ಜಾಗವಾಯಿತು ಎಂದು ಹೆಂಡತಿಗೆ ಫೋನ್ ಮಾಡಿ ಹೇಳಿದೆ.

ಶಿಬಿರ ಮಾರ್ಚಿನಲ್ಲಿ ಆಗಬೇಕಿತ್ತು. ಅಷ್ಟರಲ್ಲಿ ಚುನಾವಣೆ ಘೋಷಣೆಯಾಗಿ ಊರಿನ ಕೋವಿಗಳೆಲ್ಲ ಸ್ಟೇಷನ್ನಿಗೆ ಬಂದು ಬಿದ್ದವು. ಚುನಾವಣೆ ಮುಗಿದು ನಮ್ಮ ಸಿಬ್ಬಂದಿ ಬಿಡುವಾಗುವ ಹೊತ್ತಿಗೆ ಜೂನ್ ಬಂತು. ಮೊದಲ ಮಳೆ ಬಿದ್ದಿತ್ತು. ಶಿಬಿರಕ್ಕೆ ಎರಡು ದಿನ ಮುಂಚೆ ಗುಡುಗು ಸಿಡಿಲಿನ ಮಳೆಯೂ ಆಗಿತ್ತು. ಇನ್ನು ತಡ ಮಾಡಿದರೆ ಮಳೆಗಾಲ ಪೂರ್ತಿ ಕಾಯಬೇಕು. ಗಡಿಬಿಡಿಯಲ್ಲಿ ನಾನು ಗುಡ್ಡದ ಹಿಂದೆ ಹೋಗಿ ಕೂರಲಿಲ್ಲ. ಅದರ ಬದಲು ಊರವರನ್ನು ಹೊಂಡದ ಹತ್ತಿರ ಸೇರಿಸಿ ಕೇಳಿದೆ. ಕೇಳುವುದು ಸುಲಭವಲ್ಲವೇ?

"ಈ ಗುಡ್ಡದ ಹಿಂದೆ ಯಾರಾದ್ರೂ ಓಡಾಡ್ತಾರಾ?"

"ಇಲ್ಲ ಸಾರ್. ಅಲ್ಲೆಂತ ಇದೆ ಓಡಾಡೋಕೆ?" ಎಂದರು ಒಬ್ಬರು.

"ಬರೀ ಮುಳ್ಳು. ದನನೂ ಹೋಗದಿಲ್ಲ" ಎಂದರು ಇನ್ನೊಬ್ಬರು.

ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವನು ಶೇಷಪ್ಪ. ಮೂವತ್ತೈದರ ಆಸುಪಾಸು, ತೆಳ್ಳಗಿನ ಆಳು, ಅಪ್ಪನ ತೋಟಾ ಕೋವಿಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಶಿಬಿರಕ್ಕೆ ಸೇರಿದ್ದ. "ನಾನು ಹುಟ್ಟಿದಾಗಿಂದ ನೋಡ್ತಿದೀನಿ ಸಾರ್. ಆ ಕಡೆ ಒಂದು ನರಪಿಳ್ಳೆನೂ ಹೋಗದಿಲ್ಲ" ಎಂದ. ಅಲ್ಲಿದ್ದವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಇಷ್ಟೊಂದು ಜನ ಒಂದೇ ಮಾತು ಹೇಳುವುದನ್ನು ನಾನು ಮಲೆನಾಡಿನಲ್ಲಿ ಅದಕ್ಕೆ ಮೊದಲು ಕಂಡಿರಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಶಿಬಿರದ ದಿನ ಫೈರಿಂಗ್ ಹತ್ತು ಗಂಟೆಗೆಂದು ಹೇಳಿದ್ದೆ. ಹಿಂದಿನ ಸಂಜೆ ಆಟೋಗೆ ಮೈಕು ಕಟ್ಟಿ ಸಾರಿಸಿಯೂ ಇದ್ದೆ. ಬೆಳಿಗ್ಗೆ ಬಂದು ನೋಡಿದರೆ ಪಡುವಣ ಕಪ್ಪಾಗಿತ್ತು. ಹೊಂಡಕ್ಕೆ ನೀರು ಬಿದ್ದರೆ ಮುಗಿಯಿತು. ಜನರೆಲ್ಲ ಏಳೂವರೆಗೇ ಬಂದಿದ್ದರು, ಹೇಗೂ ಬಂದಿದ್ದೀರಲ್ಲ, ಎಂಟಕ್ಕೇ ಶುರು ಮಾಡೋಣ ಎಂದೆ. ಮೂವತ್ತು ಚಿಲ್ಲರೆ ಮಂದಿ ಚಾಪೆ ಹಾಸಿ ಸಾಲಾಗಿ ಕೂತರು. ಬಾವುಟ ಏರಿತು. ನಿಯಮದಂತೆ ಇನ್ನೊಮ್ಮೆ ಕೂಗಿ ಕೇಳಿದೆ: "ಗುಡ್ಡದ ಹಿಂದೆ ಯಾರೂ ಇಲ್ಲ ತಾನೇ?"

ಶೇಷಪ್ಪ ಬಾಯಿ ತೆರೆದ. ಪಕ್ಕದಲ್ಲಿ ಕೂತಿದ್ದ ದಾಯಾದಿ ಚಂದ್ರಣ್ಣನ ಮುಖ ನೋಡಿದ. ಬಾಯಿ ಮುಚ್ಚಿದ. ನಾನು ಅದನ್ನು ಕಣ್ಣಾರೆ ಕಂಡೆ. ಮೊದಲ ಸಲ ರೈಫಲ್ ಹಿಡಿಯುವ ಅಳುಕು ಎಂದುಕೊಂಡೆ.

ಜಂಬಿಟ್ಟಿಗೆ ಗೋಡೆಗೆ ಗುಂಡು ಬಿದ್ದರೆ ಕೆಂಪು ಧೂಳು ಪುಸ್ಸೆಂದು ಏಳುತ್ತದೆ. ಹಲಗೆಗೆ ತಾಗಲಿ ಬಿಡಲಿ, ಧೂಳು ಎದ್ದರೆ ಗುಂಡು ಹೊಂಡದಲ್ಲೇ ಉಳಿಯಿತು ಎಂದು ಲೆಕ್ಕ. ನಾನು ಹಲಗೆ ನೋಡುತ್ತಿರಲಿಲ್ಲ, ಧೂಳು ನೋಡುತ್ತಿದ್ದೆ. ಎರಡನೆಯ ಸಾಲಿನಲ್ಲಿ ಶೇಷಪ್ಪ ಮಲಗಿದ. ಹಲಗೆ ಬಿಟ್ಟು ಗೋಡೆಯ ತಲೆಯನ್ನೇ ನೋಡುತ್ತಿದ್ದ. ಮೊದಲ ಗುಂಡಿಗೆ ಧೂಳು ಎದ್ದಿತು. ಎರಡನೆಯದಕ್ಕೆ ಏಳಲಿಲ್ಲ. ಗುಂಡು ಗೋಡೆಯ ತಲೆ ದಾಟಿ ಹೋಗಿತ್ತು.

ಇಲ್ಲಿ ನಾನು ನಿಲ್ಲಿಸಬೇಕಿತ್ತು. ಹೊಸಬರು ಇದನ್ನು ಎರಡು ಸಲ ಓದಬೇಕು. ಧೂಳು ಏಳದಿದ್ದರೆ ನಿಲ್ಲಿಸಬೇಕು, ಬಾವುಟ ಇಳಿಸಬೇಕು, ಹಿಂದೆ ಹೋಗಿ ನೋಡಿ ಬರಬೇಕು. ನನಗೆ ಇದು ಗೊತ್ತಿರಲಿಲ್ಲವೆಂದಲ್ಲ, ಬೇರೆಯವರಿಗೆ ಬೋಧಿಸುತ್ತಿದ್ದವನೇ ನಾನು. ಆದರೆ ತಲೆಯ ಮೇಲೆ ಮೋಡ, ಮುಂದೆ ಇನ್ನೂ ಇಪ್ಪತ್ತು ಜನ. ಹೇಗೂ ಅಲ್ಲಿ ಯಾರೂ ಇಲ್ಲವಲ್ಲ, ಇಡೀ ಊರು ಹೇಳಿದೆಯಲ್ಲ ಎಂದು "ಮುಂದುವರಿಸಿ" ಎಂದೆ. ಫೈರಿಂಗ್ ಮುಗಿಯುವಷ್ಟರಲ್ಲಿ ಇನ್ನೂ ಎರಡು ಗುಂಡಿಗೆ ಧೂಳು ಏಳಲಿಲ್ಲ.

ಮುಗಿದ ಮೇಲೆ ಎಲ್ಲರೂ ಉಪ್ಪಿಟ್ಟು ತಿನ್ನುತ್ತಿದ್ದೆವು. ಊರಿನ ಕಡೆಯಿಂದ ರಸ್ತೆಯಲ್ಲಿ ಒಬ್ಬ ಹೆಂಗಸು ನಡೆದು ಬಂದಳು. ಕೈಯಲ್ಲಿ ಕೆಸುವಿನ ಎಲೆ ಮುಚ್ಚಿದ ಬುಟ್ಟಿ. ಬಂದದ್ದು ಊರಿನ ಕಡೆಯಿಂದಲೇ, ಆದರೆ ಸೀರೆಯ ಮುಂಭಾಗವೆಲ್ಲ ಮಣ್ಣು, ತಲೆಗೂದಲ ತುಂಬ ದರಗಿನ ಎಲೆ ಚೂರು. ಶೇಷಪ್ಪನ ಕೈಯಲ್ಲಿದ್ದ ತಟ್ಟೆ ಕೆಳಗೆ ಬಿತ್ತು. ಅವಳು ಅವನ ಹೆಂಡತಿ ನಾಗವೇಣಿ.

ಅವಳು ಗಂಡನನ್ನು ನೋಡದೆ ನೇರ ನನ್ನ ಹತ್ತಿರ ಬಂದಳು. "ಮುಗೀತಾ ಸಾರ್, ಇನ್ನೂ ಹೊಡ್ಯೋದಿದ್ಯಾ?" ಎಂದಳು. ದನಿ ತಣ್ಣಗಿತ್ತು.

"ನೀವು ಎಲ್ಲಿದ್ರಿ ಅಮ್ಮ?"

ಅವಳು ಸುತ್ತ ನಿಂತ ಗಂಡಸರನ್ನು ಒಬ್ಬೊಬ್ಬರಾಗಿ ನೋಡಿದಳು. ಅವಳ ಬೆನ್ನ ಹಿಂದೆ ಸೆರಗಿಗೆ ಸಿಕ್ಕಿಕೊಂಡಿದ್ದ ಒಂದು ಹಸಿ ಟೊಂಗೆಯನ್ನು ನಾನು ತೆಗೆದೆ. ಟೊಂಗೆಯ ಬುಡ ಚಾಕುವಿನಿಂದ ಕೊಯ್ದಷ್ಟು ಚೊಕ್ಕವಾಗಿ ತುಂಡಾಗಿತ್ತು. ಅದು ಗುಂಡಿನ ಕೆಲಸ.

"ಹುತ್ತದ ಹಿಂದೆ ಮಲಗಿದ್ದೆ" ಎಂದಳು ಕೊನೆಗೆ, ಬಹಳ ಮೆಲ್ಲಗೆ. "ನೀವು ಶುರು ಮಾಡಿದಾಗಿಂದ. ತಲೆ ಮೇಲಿಂದ ಸುಯ್ ಅಂತ ಹೋಯ್ತು."

"ಕೂಗಬಾರದಿತ್ತಾ? ಒಂದು ಕೂಗು ಹಾಕಿದ್ರೆ ನಿಲ್ಲಿಸ್ತಿರ್ಲಿಲ್ವಾ?"

"ಕೂಗಿದ್ರೆ ಇಷ್ಟೂ ಜನ ಅಲ್ಲಿಗೆ ಬರ್ತಿರ್ಲಿಲ್ವಾ ಸಾರ್? ನಮ್ಮತ್ತೆ ಕಾಲದ ಜಾಗ ಅದು."

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನಿಂದ ಬಂದವರಿಗಾಗಿ ಹೇಳುತ್ತೇನೆ. ಮೊದಲ ಗುಡುಗಿನ ಮಳೆಯಾದ ಎರಡು ಮೂರು ದಿನಕ್ಕೆ ಹುತ್ತದ ಬುಡದಲ್ಲಿ ಅಣಬೆ ಏಳುತ್ತವೆ. ವರ್ಷವೂ ಅದೇ ಜಾಗದಲ್ಲಿ. ಆ ಜಾಗವನ್ನು ಯಾರೂ ಯಾರಿಗೂ ಹೇಳುವುದಿಲ್ಲ. ಅತ್ತೆ ಸೊಸೆಗೆ ಹೇಳುತ್ತಾಳೆ, ಅದೂ ಸೊಸೆ ಬಂದು ನಾಲ್ಕಾರು ವರ್ಷವಾಗಿ ಇವಳು ತವರಿಗೆ ಸುದ್ದಿ ಮುಟ್ಟಿಸುವವಳಲ್ಲ ಎಂದು ಖಾತ್ರಿಯಾದ ಮೇಲೆ. ಬೆಳಕು ಹರಿಯುವ ಮೊದಲೇ ಹೋಗಿ, ಯಾರೂ ಕಾಣದಂತೆ ಸುತ್ತು ದಾರಿಯಲ್ಲಿ ಬರುವುದು ಪದ್ಧತಿ. ಆಸ್ತಿ ಪಾಲಾದ ಅಣ್ಣತಮ್ಮಂದಿರು ಬೇಲಿಯ ಜಗಳ ಮರೆತಾರು, ಅಣಬೆಯ ಜಾಗ ಬಿಟ್ಟುಕೊಡಲಾರರು. ನಾನೂ ಈ ಮಣ್ಣಿನಲ್ಲೇ ಬೆಳೆದವನು, ನನ್ನ ಅಜ್ಜಿಯ ಜಾಗ ನನಗೂ ಗೊತ್ತಿತ್ತು. ಆದರೂ ಮೂವತ್ತು ಜನ ಗಂಡಸರನ್ನು ಒಟ್ಟಿಗೆ ನಿಲ್ಲಿಸಿಕೊಂಡು, ಗುಡ್ಡದ ಹಿಂದೆ ಯಾರು ಹೋಗುತ್ತೀರಿ ಎಂದು ಕೇಳಿದ್ದೆ. ನನ್ನಂಥ ದಡ್ಡ ಇನ್ನೊಬ್ಬನಿಲ್ಲ.

ಶೇಷಪ್ಪ ಅಲ್ಲೇ ಕುಸಿದು ಕೂತಿದ್ದ. "ನನಗೆ ಗೊತ್ತಿತ್ತು ಸಾರ್" ಎಂದ. "ಹತ್ತಕ್ಕೆ ಅಂದಿದ್ರಲ್ಲ, ಅಷ್ಟೊತ್ತಿಗೆ ಬಂದಿರ್ತಾಳೆ ಅಂದ್ಕೊಂಡೆ. ನೀವು ಎಂಟಕ್ಕೇ ಅಂದಾಗ ಹೇಳೋಣ ಅಂತ ಬಾಯಿ ತೆಗೆದೆ. ಇವನು ಪಕ್ಕದಲ್ಲಿದ್ದ. ಹೇಳ್ಲಿಲ್ಲ." ಚಂದ್ರಣ್ಣನ ಕಡೆ ಕೈ ತೋರಿಸಿ ಮುಖ ಮುಚ್ಚಿಕೊಂಡು ಅತ್ತ. ಅಷ್ಟು ಜನರ ಮುಂದೆ ಒಬ್ಬ ಗಂಡಸು ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ.

ಚಂದ್ರಣ್ಣ ಎದ್ದು ನಾಗವೇಣಿಯ ಹತ್ತಿರ ಬಂದ. ನೆಲ ನೋಡಿಕೊಂಡೇ ಹೇಳಿದ.

"ಅತ್ತಿಗೆ, ನಿಮ್ದು ಜೋಡಿ ಹುತ್ತದ ಹತ್ರ ಅಲ್ವಾ? ನಮ್ದು ಅಲ್ಲಿಂದ ಸ್ವಲ್ಪ ಮೇಲೆ. ಹೊನ್ನೆ ಮರದ ಬುಡದಲ್ಲಿ. ಇವತ್ತು ಮಗಳನ್ನ ಕಳ್ಸೋದಿತ್ತು. ಜ್ವರ ಅಂತ ಮಲಗಿದಾಳೆ."

ಅವನು ಅಷ್ಟು ಹೇಳಿದ್ದೇ ತಡ, ಹಿಂದಿನಿಂದ ಒಬ್ಬರು, "ನಮ್ದು ಬಂಡೆ ಕೆಳಗೆ" ಎಂದರು. "ನಮ್ಮನೆಯವಳು ನಿನ್ನೆ ಹೋಗಿ ಬಂದ್ಲು" ಎಂದರು ಮತ್ತೊಬ್ಬರು. ಮುಳ್ಳು, ದನವೂ ಹೋಗದಿಲ್ಲ ಎಂದಿದ್ದರಲ್ಲ, ಅವರ ಮನೆಯವರದ್ದಂತೂ ಆ ಇಳಿಜಾರಿನಲ್ಲಿ ಎರಡು ಜಾಗ. ಹೀಗೆ ಒಬ್ಬೊಬ್ಬರಾಗಿ ಬಾಯಿಬಿಟ್ಟಾಗ ಒಂಬತ್ತು ಮನೆಯವರು ಆ ಗುಡ್ಡದ ಹಿಂದೆ ಓಡಾಡುವವರೆಂದು ತಿಳಿಯಿತು. ತಲೆತಲಾಂತರದಿಂದ ಬಚ್ಚಿಟ್ಟದ್ದನ್ನು ಅವರು ತಪ್ಪೊಪ್ಪಿಗೆಯ ಹಾಗೆ ನನ್ನ ಮುಂದೆ ಇಡುತ್ತಿದ್ದರು. ನಾನು ಪೆನ್ನು ಹಿಡಿದಿದ್ದೆ, ಆದರೆ ಒಂದನ್ನೂ ಬರೆದುಕೊಳ್ಳಲಿಲ್ಲ.

ಅಂದೇ ಕಚೇರಿಗೆ ಹೋಗಿ ನಡೆದದ್ದನ್ನು ನಡೆದ ಹಾಗೆ ಬರೆದುಕೊಟ್ಟೆ. ಧೂಳು ಏಳದಿದ್ದರೂ ಮುಂದುವರಿಸಿದ್ದು ನಾನೇ ಎಂದೂ ಬರೆದೆ. ಮೇಲಧಿಕಾರಿಗಳು ಬೈದರು, ಬೈಯಲೇಬೇಕಿತ್ತು. ಗುಡ್ಡೆಮನೆ ಹೊಂಡ ಕೈಬಿಟ್ಟೆವು. ಅಂದು ಹೊಡೆದ ಯಾರಿಗೂ ಸರ್ಟಿಫಿಕೇಟ್ ಕೊಡಲಿಲ್ಲ. ಆ ವಾರ ಮಂಜಪ್ಪ ಸಾಹೇಬರ ಮನೆಗೂ ಹೋದೆ. ಅವರು ಹಾಸಿಗೆ ಹಿಡಿದಿದ್ದರು. ಎಲ್ಲ ಕೇಳಿ, ಒಂದು ಬೈಗುಳವನ್ನೂ ಆಡದೆ, "ಅವಳು ಊಟ ಮಾಡಿದ್ಲೇನೋ ಅವತ್ತು?" ಎಂದು ಕೇಳಿದರು. ಅವರು ಬೈದಿದ್ದರೆ ಚೆನ್ನಾಗಿತ್ತು. ಹೊರಗೆ ಬಂದು ಗೇಟಿನ ಹತ್ತಿರ ನಿಂತು ಅತ್ತೆ.

ಮಳೆಗಾಲ ಕಳೆದ ಮೇಲೆ ಒಂದು ದಿನ ಶೇಷಪ್ಪ ಸ್ಟೇಷನ್ನಿಗೆ ಬಂದ. ಹಿಂದೆ ನಾಗವೇಣಿ. ಅವನ ಕೈಯಲ್ಲಿ ಅರ್ಜಿ.

"ಕೋವಿ ಬೇಡ ಸಾರ್. ಸರ್ಕಾರಕ್ಕೇ ಒಪ್ಪಿಸ್ತೀನಿ. ಕನಸಲ್ಲೆಲ್ಲ ಅದೇ ಬರುತ್ತೆ."

ನಾನು ಅರ್ಜಿ ತೆಗೆದುಕೊಳ್ಳಲು ಕೈ ಚಾಚಿದೆ. ನಾಗವೇಣಿ ಅದನ್ನು ಅವನ ಕೈಯಿಂದ ಕಿತ್ತುಕೊಂಡಳು.

"ಕೋವಿ ಬೇಡ ಅಂದ್ರೆ ಮಂಗ ಬಿಡುತ್ತಾ?" ಎಂದಳು. "ಇವರಿಗೆ ಹೊಡ್ಯೋಕೆ ಬರದಿಲ್ಲ ಅಂತ ನನಗೆ ಗೊತ್ತು ಸಾರ್, ನನ್ನ ತಲೆ ಮೇಲೇ ಹೋಗಿದೆ. ಸರಿಯಾದ ಜಾಗ ನೋಡಿ ಸರಿಯಾಗಿ ಕಲ್ಸಿ. ಜಾಗ ನಾನೂ ನೋಡ್ತೀನಿ."

ಅವಳು ಬಾಯಿಮಾತಿಗೆ ಹೇಳಿರಲಿಲ್ಲ. ಹರಿಹರಪುರದ ಆಚೆ ಒಂದು ಕೈಬಿಟ್ಟ ಕಲ್ಲುಕ್ವಾರಿ ನನ್ನ ಕಣ್ಣಿಗೆ ಬಿದ್ದಿತ್ತು. ಈ ಸಲ ಗಂಡಸರ ಸಭೆ ಕರೆಯಲಿಲ್ಲ. ನಾಗವೇಣಿ ಇನ್ನಿಬ್ಬರು ಹೆಂಗಸರನ್ನು ಕರೆದುಕೊಂಡು ಸುತ್ತಲಿನ ಮನೆಗಳಿಗೆ ಹೋದಳು. ಹಿತ್ತಿಲ ಬಾಗಿಲಿನಿಂದ ಹೋಗಿ, ಅಡಿಗೆಮನೆಯಲ್ಲಿ ಕೂತು, ಒಬ್ಬೊಬ್ಬರನ್ನೇ ಕೇಳಿದಳು. ಕೊಟ್ಟಿಗೆಗೆ ಒಣ ಎಲೆಯ ದರಗು ಗುಡಿಸುವವರು, ಸೌದೆಗೆ ಹೋಗುವವರು, ಅಣಬೆಗೆ ಹೋಗುವವರು. ಆಮೇಲೆ ಬಂದು ನನಗೆ ಹೇಳಿದ್ದು ಇಷ್ಟೇ: "ಯಾರು ಎಲ್ಲಿ ಅಂತ ಕೇಳ್ಬೇಡಿ. ಪಡುವಣ ಗೋಡೆ ಕಡೆ ಹೊಡೀರಿ. ಮಾಘದಲ್ಲಿ ಮಾಡಿ. ಆಗ ಆ ಕಡೆ ಯಾರೂ ಇರದಿಲ್ಲ." ನಾನು ಪಡುವಣ ಗೋಡೆಯ ಹಿಂದೆ ಹೋಗಿ ಮೂರು ದಿನ ಕೂತೆ. ಅವಳು ಹೇಳಿದಂತೆ ಒಂದು ಹುಳವೂ ಬರಲಿಲ್ಲ. ಆ ಮೂರು ದಿನದ ಮೌನ, ಒಣ ಎಲೆ ಬೀಳುವ ಸದ್ದು, ಮಾವಿನ ಹೂವಿನ ಗಾಳಿ ನೆನೆದರೆ ಇವತ್ತೂ ಅಲ್ಲಿಗೆ ಹೋಗಿ ಕೂರೋಣವೆನಿಸುತ್ತದೆ. ಈಗ ಉಪಗ್ರಹದ ನಕ್ಷೆಯಿದೆ, ಡ್ರೋನ್ ಇದೆ, ಊರಿನ ವಾಟ್ಸಾಪ್ ಗುಂಪಿಗೆ ಸೂಚನೆ ಹಾಕಿದರೆ ನಲವತ್ತು ಹೆಬ್ಬೆರಳು ಬರುತ್ತವೆ. ಅದೆಲ್ಲ ಮಾಡಿ, ತಪ್ಪೇನಿಲ್ಲ. ಆದರೆ ಅಡಿಗೆಮನೆಯಲ್ಲಿ ಕೇಳಿ, ಆಮೇಲೆ ಹಿಂದೆ ಹೋಗಿ ಕೂರಿ.

ಮಾಘದಲ್ಲಿ ಶಿಬಿರವಾಯಿತು. ನಾಗವೇಣಿಯೂ ಬಂದಿದ್ದಳು. ಬಂದ ಹೆಂಗಸರೆಲ್ಲ ನಮ್ಮ ಬೆನ್ನ ಹಿಂದೆ, ದೂರದಲ್ಲಿ ಮರದ ನೆರಳಿನಲ್ಲಿ ಕೂತಿದ್ದರು. ಶೇಷಪ್ಪನ ಸರದಿ ಬಂತು. ಮಲಗಿದ, ರೈಫಲ್ ತೋಳಿಗೆ ಒತ್ತಿಕೊಂಡ. ನಾನು "ಫೈರ್" ಎಂದೆ. ಬೇರೆಯವರೆಲ್ಲ ಹೊಡೆದರು. ಅವನು ಹೊಡೆಯಲಿಲ್ಲ.

ರೈಫಲನ್ನು ಕಲಿಸಿದ ಹಾಗೆ ಮೆಲ್ಲಗೆ ಚಾಪೆಯ ಮೇಲಿಟ್ಟು, ಎದ್ದು ಕೂತು, ಪೂರ್ತಿ ಹಿಂದಕ್ಕೆ ತಿರುಗಿ ನೆರಳಿನ ಕಡೆ ನೋಡಿದ. ಹೆಂಗಸರ ನಡುವಿನಿಂದ ನಾಗವೇಣಿ ಎದ್ದು ನಿಂತಳು.

"ಇಲ್ಲೇ ಇದೀನಿ" ಎಂದು ಕೂಗಿದಳು. "ಹೊಡೀರಿ."

ಅವನು ತಿರುಗಿ ಮಲಗಿ ಐದು ಗುಂಡನ್ನೂ ಹೊಡೆದ. ಆದೇಶವಾದ ಮೇಲೆ ಹಿಂದಕ್ಕೆ ತಿರುಗಿದವನಿಗೆ ಹತ್ತು ಅಂಕ ಕಳೆಯಬೇಕೆಂದು ನಮ್ಮ ನಿಯಮ. ನನ್ನ ಸರ್ವಿಸಿನಲ್ಲಿ ಅದನ್ನು ಯಾರಿಗೂ ಬಿಟ್ಟವನಲ್ಲ. ಅಂದು ಪೆನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತೆ, ಆಮೇಲೆ ಅವನಿಗೆ ಪೂರ್ತಿ ಅಂಕ ಹಾಕಿದೆ.